ಎರಡು ನೂಲು ಆಟ

ನನ್ನ ತಂಗಿಯ ಮಗಳು ಪಾಲಮ್ಮ ಹಲಗೆಯ ಮೇಲೆ ಮೊದಲ ಸಲ ನಿಂತದ್ದು ಎಂಬತ್ನಾಲ್ಕರ ಬೇಸಿಗೆಯಲ್ಲಿ, ನನ್ನ ಗ್ಯಾರೇಜಿನ ಮುಂದೆಯೇ. ಕೂಡ್ಲಿಗಿಯ ಹೆದ್ದಾರಿ ಪಕ್ಕದಲ್ಲಿ ನನ್ನದು ಲಾರಿ ರಿಪೇರಿ ಗ್ಯಾರೇಜು. ಸವೆದ ಡೈನಮೋ ಬೇರಿಂಗುಗಳನ್ನು ಒಂದು ಡಬ್ಬಿಯಲ್ಲಿ ಹಾಕಿಡುತ್ತಿದ್ದೆ. ಓಣಿಯ ಮಕ್ಕಳು ಕೇಳಿ ಒಯ್ದು, ಹಲಗೆಗೆ ಬಡಿದು ಗಾಡಿ ಮಾಡಿಕೊಂಡು, ಅದರ ಮೇಲೆ ಕುಂಡಿ ಊರಿ ಇಳಿಜಾರಿನಲ್ಲಿ ಬಿಡುತ್ತಿದ್ದರು. ಪಾಲಿ ಮಾತ್ರ ಕೂರಲಿಲ್ಲ. ಒಂಬತ್ತು ವರ್ಷದ ಹುಡುಗಿ ಲಂಗವನ್ನು ಸೊಂಟಕ್ಕೆ ಸಿಕ್ಕಿಸಿ, ಹಲಗೆಯ ಮೇಲೆ ಅಡ್ಡಡ್ಡ ನಿಂತು, ಎರಡೂ ಕೈ ಬಿಟ್ಟು, ನನ್ನ ಬಾಗಿಲ ಮುಂದಿಂದ ಹಾದು ಹೋದಳು. ನಾನು ಸ್ಪ್ಯಾನರ್ ಹಿಡಿದವನು ಹಾಗೇ ನಿಂತೆ.

ಲಾರಿಯಲ್ಲಿ ಭಾರ ಎಲ್ಲಿ ಕೂರಬೇಕು ಎಂಬುದನ್ನು ಕಲಿಯಲು ನನಗೆ ಇಪ್ಪತ್ತು ವರ್ಷ ಹಿಡಿದಿತ್ತು. ಆ ಹುಡುಗಿಯ ಪಾದಕ್ಕೆ ಅದು ಯಾರೂ ಹೇಳಿಕೊಡದೆ ಗೊತ್ತಿತ್ತು. ಒಂದು ವಾರ ನೋಡಿ, ನಾನೇ ಅವಳಿಗೊಂದು ಹಲಗೆ ಮಾಡಿಕೊಟ್ಟೆ. ಬೀಟೆಯ ತುಂಡು, ಕೆಳಗೆ ಎರಡು ಅಚ್ಚು, ಅಚ್ಚಿನ ಮೇಲೆ ಲಾರಿಯ ರಬ್ಬರ್ ಬುಷ್ಷು. ಮೈ ಎತ್ತ ವಾಲಿದರೆ ಗಾಲಿ ಅತ್ತ ತಿರುಗುತ್ತಿತ್ತು. ಪ್ರವಾಸಿ ಮಂದಿರದಿಂದ ಸಂತೆ ಮೈದಾನದವರೆಗೆ ಆ ವರ್ಷವೇ ಹೊಸ ಡಾಂಬರು ಬಿದ್ದಿತ್ತು, ಒಳ್ಳೆಯ ಇಳಿಜಾರು, ನಡುವೆ ಎರಡು ತಿರುವು. ಸಂಜೆ ಐದಕ್ಕೆ ಅಲ್ಲಿ ಜನ ನಿಂತು ಅವಳನ್ನು ನೋಡುವಂತಾಯಿತು.

ಬೊಂಬಾಯಿಯಿಂದ ಬಂದ ಸ್ಪೇರ್ ಪಾರ್ಟಿನ ಪೆಟ್ಟಿಗೆಯಲ್ಲಿ ಒಂದು ದಿನ ಯಾವುದೋ ವಿದೇಶಿ ಪತ್ರಿಕೆಯ ಹಾಳೆ ತುರುಕಿದ್ದರು. ಅದರಲ್ಲಿ ಇಂಥದೇ ಹಲಗೆಯ ಮೇಲೆ ಒಬ್ಬ ಹುಡುಗ. ಶಾಲೆಯ ಹೆಡ್‌ಮಾಸ್ತರರು ಓದಿ, ಇದಕ್ಕೆ ಸ್ಕೇಟ್ ಬೋರ್ಡ್ ಅನ್ನುತ್ತಾರೆ ಎಂದರು. ಪಾಲಿ ನೋಡಿದ್ದು ಹುಡುಗನ ಕಾಲನ್ನು. ನಾನು ನೋಡಿದ್ದು ತಲೆಯನ್ನು. ಅವನ ತಲೆಗೆ ಹೆಲ್ಮೆಟ್ ಇತ್ತು.

ನಾನು ಅದರ ಯೋಚನೆಯಲ್ಲಿರುವಾಗಲೇ ಪಾಲಿ ಬಿದ್ದು ಹಣೆ ಒಡೆದುಕೊಂಡಳು. ಮೂರು ಹೊಲಿಗೆ. ಅವಳ ಅಪ್ಪ ಓಬಣ್ಣ ದೋಣಿಮಲೆಯ ಗಣಿಯಲ್ಲಿ ಕೆಲಸಕ್ಕಿದ್ದ, ಹದಿನೈದು ದಿನಕ್ಕೊಮ್ಮೆ ಬರುವವನು. ಮನೆಯ ಯಜಮಾನಿಕೆಯೆಲ್ಲ ನನ್ನ ತಂಗಿ ದುರುಗಮ್ಮನದೇ. ಅವಳು ಹಲಗೆಯನ್ನು ಅಟ್ಟಕ್ಕೆ ಎಸೆದು, ಮಗಳ ಕೂದಲನ್ನು ಉಚ್ಚಂಗೆಮ್ಮನಿಗೆ ಕೊಡುತ್ತೇನೆಂದು ಹರಕೆ ಹೊತ್ತಳು. ಹುಡುಗಿ ಎರಡು ದಿನ ಊಟ ಬಿಟ್ಟಿತು. ಮೂರನೆಯ ದಿನ ನಾನು ಹೋಗಿ, ಹೆಲ್ಮೆಟ್ ಹಾಕಿಸಿ ಆಡಿಸುತ್ತೇನೆ ಎಂದೆ. ದುರುಗಮ್ಮ ಅಟ್ಟದಿಂದ ಹಲಗೆ ಇಳಿಸಿ ನನ್ನ ಮುಂದಿಟ್ಟಳು.

“ಅಣ್ಣಾ, ಅಕಿ ತಲಿ ನಿನ್ನ ಕೈಯಾಗ ಕೊಟ್ಟೀನಿ,” ಎಂದಳು. “ಆಮ್ಯಾಲ ಹಂಗಾತು ಹಿಂಗಾತು ಅಂತ ನನ್ನ ಮುಂದ ಹೇಳಬ್ಯಾಡ.”

ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಹೊಸಪೇಟೆಯಲ್ಲಿ ಒಂದು ಹಳೆಯ ಸ್ಕೂಟರ್ ಹೆಲ್ಮೆಟ್ ಸಿಕ್ಕಿತು. ಅಂಚು ಕೊಯ್ದು ಸಣ್ಣದು ಮಾಡಿ, ಲಾರಿ ಸೀಟಿನ ಸ್ಪಂಜು ಕತ್ತರಿಸಿ ಒಳಗೆ ಅಂಟಿಸಿದೆ. ಪಾಲಿಯ ಕೂದಲು ಸೊಂಟಕ್ಕೆ ಬರುತ್ತಿತ್ತು. ಎರಡು ಜಡೆಯನ್ನೂ ತಲೆಯ ಸುತ್ತ ಸುತ್ತಿ ಪಿನ್ನು ಚುಚ್ಚಿ, ಅದರ ಮೇಲೆಯೇ ಅಳತೆ ಹಿಡಿದೆ. ಗ್ಯಾರೇಜಿನಲ್ಲಿ ನಾವು ಸಡಿಲಕ್ಕೆ ಆಟ ಅನ್ನುತ್ತೇವೆ, ಇಂಚಿನ ಎಂಟನೆಯ ಒಂದು ಭಾಗಕ್ಕೆ ನೂಲು ಅನ್ನುತ್ತೇವೆ. ಆ ಹೆಲ್ಮೆಟ್ಟಿನಲ್ಲಿ ಅರ್ಧ ನೂಲು ಆಟವೂ ಇರಲಿಲ್ಲ.

ಊರು ಎರಡು ಪಾಲಾಯಿತು. ನನ್ನ ಎದುರಿಗೆ ಚಹಾದಂಗಡಿ ಇಟ್ಟಿದ್ದ ಹುಲುಗಪ್ಪ, ಮಕ್ಕಳ ತಲೆಗೆ ಹೀಗೆ ಬಿಗಿದರೆ ತಲೆ ಬೆಳೆಯುವುದು ನಿಂತುಹೋಗುತ್ತದೆ ಎಂದ. ಕಿವಿ ಮುಚ್ಚಿದರೆ ಹಿಂದಿನಿಂದ ಬರುವ ಗಾಡಿ ಕೇಳಿಸುವುದಿಲ್ಲ ಎಂದವರೂ ಇದ್ದರು, ಆ ಮಾತಿನಲ್ಲಿ ಸ್ವಲ್ಪ ಸತ್ಯವಿತ್ತು. ಕಿವಿಯ ಹತ್ತಿರ ತೂತು ಕೊರೆದೆ. ಹೆಡ್‌ಮಾಸ್ತರರು, ತಲೆಗೆ ರಕ್ಷಣೆ ಸಿಕ್ಕರೆ ಮಕ್ಕಳಿಗೆ ಭಯ ಹೋಗಿ ಇನ್ನೂ ಜೋರಾಗಿ ಬಿಡುತ್ತಾರೆ ಎಂದರು. ಬ್ರೇಕಿದೆ ಅಂತ ಡ್ರೈವರ್ ಜೋರಾಗಿ ಓಡಿಸುತ್ತಾನೆ, ಹಾಗಂತ ಬ್ರೇಕ್ ಕಿತ್ತು ಹಾಕೋಣವೇ ಸಾರ್ ಎಂದು ಕೇಳಿದೆ. ಅವರು ನಕ್ಕರು.

ಮಕ್ಕಳು ಅವಳನ್ನು ಗಡಿಗಿ ಪಾಲಿ ಎಂದು ಕರೆದರು. ಹುಲುಗಪ್ಪನ ಮಗ ಜಂಬಯ್ಯ ಎಲ್ಲರಿಗಿಂತ ಮುಂದೆ.

“ಲೇ ಜಂಬ್ಯಾ, ನನ್ನ ಗಡಿಗಿ ಒಡದ್ರ ಮಾಮ ಹೊಸಾದು ತರ್ತಾನ,” ಎಂದಳು ಪಾಲಿ. “ನಿನ್ನ ಗಡಿಗಿ ಒಡದ್ರ ನಿಮ್ಮಪ್ಪ ಎಲ್ಲಿಂದ ತರ್ತಾನ?”

ತಿಂಗಳೊಳಗೆ ಜಂಬಯ್ಯ ತನಗೂ ಹೆಲ್ಮೆಟ್ ಬೇಕೆಂದು ಹಟ ಹಿಡಿದ. ಹುಲುಗಪ್ಪ ಬೈಯುತ್ತಲೇ ಹೋಗಿ ಒಂದನ್ನು ತಂದ. ಪಾಲಿ ಅವನಿಗೆ ನಿಲ್ಲುವುದನ್ನು ಕಲಿಸತೊಡಗಿದಳು. ಇನ್ನೂ ಮೂರ್ನಾಲ್ಕು ಮಕ್ಕಳು ಅಡುಗೆಮನೆಯ ಅಲ್ಯುಮಿನಿಯಂ ಬೋಗುಣಿಗೆ ಲಾಡಿ ಕಟ್ಟಿಕೊಂಡು ಬಂದರು.

ಆಗಸ್ಟ್ ಹದಿನೈದಕ್ಕೆ ತಹಶೀಲ್ದಾರರ ಮುಂದೆ ಪಾಲಿಯ ಆಟ ಇಡಿಸುತ್ತೇನೆಂದು ಹೆಡ್‌ಮಾಸ್ತರರು ಹೇಳಿಕಳಿಸಿದರು. ದುರುಗಮ್ಮ ಒಪ್ಪಿದಳು, ಆದರೆ ಹರಕೆ ಬಾಕಿ ಇಟ್ಟುಕೊಂಡು ಮಗಳನ್ನು ಅಷ್ಟು ಜನರ ಕಣ್ಣಿಗೆ ಬಿಡಲಾರೆ ಎಂದಳು. ನೂಲ ಹುಣ್ಣಿಮೆ ಹನ್ನೊಂದಕ್ಕೇ ಬಂದಿತ್ತು. ಬಸ್ಸಿನಲ್ಲಿ ಕೊಟ್ಟೂರು, ಹರಪನಹಳ್ಳಿ ದಾಟಿ ಉಚ್ಚಂಗಿದುರ್ಗಕ್ಕೆ ಹೋದೆವು. ಮೊದಲ ಕತ್ತರಿ ಸೋದರಮಾವನದು. ಹುಡುಗಿಯನ್ನು ತೊಡೆಯ ಮೇಲೆ ಕೂರಿಸಿಕೊಂಡೆ.

“ಮಾಮಾ, ಹದಿನೈದು ಮುಗದಮ್ಯಾಲ ಕೊಟ್ರ ಆಗಂಗಿಲ್ಲೇನು?” ಎಂದು ನನ್ನ ಕಿವಿಯಲ್ಲಿ ಕೇಳಿದಳು. “ಬೋಳಿ ಅಂತಾರ ಎಲ್ಲಾರೂ.”

“ಹೆಲ್ಮೆಟ್ ಇರ್ತೈತಲ್ಲವ್ವಾ ತಲಿಮ್ಯಾಲ. ಯಾರಿಗೂ ಕಾಣಂಗಿಲ್ಲ,” ಎಂದೆ.

ಅವಳ ಮುಖ ಸ್ವಲ್ಪ ತಿಳಿಯಾಯಿತು. ಒಂದು ಎಳೆ ಕತ್ತರಿಸಿದೆ, ಉಳಿದದ್ದನ್ನು ಕ್ಷೌರದವನು ತೆಗೆದ. ಅಷ್ಟು ದಪ್ಪದ ಎರಡು ಜಡೆ ನನ್ನ ಕಣ್ಣ ಮುಂದೆಯೇ ಹೋಯಿತು. ದಿನವೆಲ್ಲ ಅಳತೆಯಲ್ಲೇ ಬದುಕುವ ನನಗೆ ಆಗ ಏನೂ ಹೊಳೆಯಲಿಲ್ಲ.

ಹದಿನೈದರ ಬೆಳಿಗ್ಗೆ ಅವಳು ಮನೆಯಿಂದಲೇ ಹೆಲ್ಮೆಟ್ ಹಾಕಿಕೊಂಡು, ತಾನೇ ಗದ್ದದ ಪಟ್ಟಿ ಬಿಗಿದುಕೊಂಡು ಬಂದಳು. ಇಳಿಜಾರಿನ ತಲೆಯಲ್ಲಿ ಇಡೀ ಶಾಲೆ ನಿಂತಿತ್ತು. ಅಭ್ಯಾಸದಂತೆ ಹೆಲ್ಮೆಟ್ಟಿನ ಮೇಲೆ ಕೈಯಿಟ್ಟು ತಿರುಗಿಸಿ ನೋಡಿದೆ. ಎರಡು ನೂಲು ಆಟ. ಜಡೆಗಳು ಹೋದ ಜಾಗ ಅದೆಂದು ಆಗ ಹೊಳೆಯಿತು. ಅಷ್ಟು ಆಟವಿದ್ದ ಗಾಲಿಯನ್ನು ನಾನು ರಸ್ತೆಗೆ ಬಿಡುವವನಲ್ಲ. ತೆಗಿಯವ್ವಾ, ಒಳಗೊಂದು ಬಟ್ಟೆ ಇಡೋಣ ಎಂದೆ. ಅವಳು ಎರಡೂ ಕೈಯಿಂದ ಹೆಲ್ಮೆಟ್ ಒತ್ತಿ ಹಿಡಿದಳು.

“ಬ್ಯಾಡ ಮಾಮಾ. ಎಲ್ಲಾರೂ ಅದಾರ.”

ಸುತ್ತ ನೋಡಿದೆ. ಜಂಬಯ್ಯ ಮೂರು ಮಾರು ದೂರದಲ್ಲಿದ್ದ. ಹುಡುಗಿಯ ಕಣ್ಣಲ್ಲಿ ನೀರು ಬರುವುದರಲ್ಲಿತ್ತು. ಗದ್ದದ ಪಟ್ಟಿಯನ್ನು ಒಂದು ತೂತು ಬಿಗಿ ಮಾಡಿ, ಹೋಗು ಎಂದೆ.

ಮೊದಲ ತಿರುವಿನಲ್ಲಿ ಜನ ಚಪ್ಪಾಳೆ ತಟ್ಟಿದರು. ಎರಡನೆಯದಕ್ಕೆ ಅವಳು ಮಂಡಿ ಬಗ್ಗಿಸಿ ತಲೆ ತಗ್ಗಿಸಿದಳು. ಹೆಲ್ಮೆಟ್ ಜಾರಿ ಕಣ್ಣಿನ ಮೇಲೆ ಬಂತು. ಅದನ್ನು ಮೇಲೆ ತಳ್ಳಲು ಒಂದು ಕೈ ಎತ್ತಿದ್ದು ನನಗೆ ಮೇಲಿನಿಂದ ಕಂಡಿತು. ಕೈ ಎತ್ತಿದ ಕೂಡಲೇ ಭಾರ ತಪ್ಪಿತು. ಹಲಗೆ ಮೋರಿಯ ಕಲ್ಲಿಗೆ ಬಡಿಯಿತು. ಮುಂದಕ್ಕೆ ಜಾರಿದ್ದ ಹೆಲ್ಮೆಟ್ ತಲೆಯ ಹಿಂಭಾಗವನ್ನು ಬರಿದು ಮಾಡಿತ್ತು. ಪೆಟ್ಟು ಬಿದ್ದದ್ದು ಅಲ್ಲೇ, ಎಡಗಿವಿಯ ಹಿಂದೆ.

ರಿಪೇರಿಗೆ ಬಂದಿದ್ದ ಲಾರಿಯಲ್ಲೇ ಬಳ್ಳಾರಿಗೆ ಒಯ್ದೆವು. ಇಪ್ಪತ್ತಾರು ದಿನ ಆಸ್ಪತ್ರೆಯಲ್ಲಿದ್ದು ಬದುಕಿಕೊಂಡಳು. ಮನುಷ್ಯನನ್ನು ನೆಟ್ಟಗೆ ನಿಲ್ಲಿಸುವ ಭಾಗ ಕಿವಿಯ ಒಳಗಿರುತ್ತದೆ, ಒಂದು ಕಡೆಯದು ಹಾಳಾಗಿದೆ, ಸರಿಹೋದರೂ ಹೋಗಬಹುದು, ಹೋಗದೆಯೂ ಇರಬಹುದು ಎಂದರು ಡಾಕ್ಟರು. ಮನೆಗೆ ಬಂದವಳು ಗೋಡೆ ಹಿಡಿದು ನಡೆಯುತ್ತಿದ್ದಳು. ನೆಲ ವಾಲತೈತಿ ಮಾಮಾ ಎನ್ನುತ್ತಿದ್ದಳು. ತಲೆಯನ್ನು ಥಟ್ಟನೆ ತಿರುಗಿಸಿದರೆ ಬಿದ್ದೇಬಿಡುತ್ತಿದ್ದಳು.

ದುರುಗಮ್ಮ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಕೂದಲು ತೆಗೆದುಕೊಂಡು ಉಚ್ಚಂಗೆಮ್ಮ ತಾಯಿ ಜೀವ ಉಳಿಸಿಕೊಟ್ಟಳು ಎಂದು ಕಂಡಕಂಡವರ ಮುಂದೆ ಹೇಳಿದಳು. ನಾಲ್ಕು ದಿನ ಮುಂಚೆ ಹರಕೆ ತೀರಿಸಿದ್ದಕ್ಕೇ ಮಗಳು ಉಳಿದಳು ಎಂಬುದು ಅವಳ ನಂಬಿಕೆ. ಆಸ್ಪತ್ರೆಯಲ್ಲೂ ಅವಳನ್ನು ನೆಟ್ಟಗಿಟ್ಟದ್ದು ಅದೊಂದೇ. ದಿನಾ ಮಧ್ಯಾಹ್ನ ಮಗಳನ್ನು ಕರೆದುಕೊಂಡು ಗ್ಯಾರೇಜಿಗೆ ಬಂದು ನನಗೆ ರೊಟ್ಟಿ ಕೊಡುತ್ತಿದ್ದಳು. ನಿನ್ನ ಹೆಲ್ಮೆಟ್ಟು, ತಾಯಿಗೆ ಕೊಟ್ಟ ಕೂದಲು, ಎರಡೂ ಸೇರಿ ಉಳಿಸಿದವು ಎಂದಳು ಒಮ್ಮೆ. ಎರಡೂ ಸೇರಿಯೇ ಹುಡುಗಿಯನ್ನು ಬೀಳಿಸಿದ್ದವು. ಅದು ನನಗೆ ಗೊತ್ತಿತ್ತು, ಹೇಳುವುದು ಹೇಗೆಂದು ಗೊತ್ತಿರಲಿಲ್ಲ.

ಊರಿನವರು ಬೇರೆ ತೀರ್ಮಾನಕ್ಕೆ ಬಂದಿದ್ದರು. ಹೆಲ್ಮೆಟ್ಟೇ ಕಣ್ಣು ಮುಚ್ಚಿ ಹುಡುಗಿಯನ್ನು ಕೆಡವಿತು ಎಂದು. ಬೋಗುಣಿಗಳು ಅಡುಗೆಮನೆಗೆ ವಾಪಸಾದವು. ಹುಲುಗಪ್ಪ ಮಗನ ಹೆಲ್ಮೆಟ್ಟನ್ನು ಅಂಗಾತ ಇಟ್ಟು ಕೋಳಿಗಳಿಗೆ ನೀರಿಟ್ಟ. ಆಟ ಮಾತ್ರ ನಿಲ್ಲಲಿಲ್ಲ, ನಿಲ್ಲಿಸಲು ಯಾರಿಂದಲೂ ಆಗಲಿಲ್ಲ. ದೀಪಾವಳಿ ಹೊತ್ತಿಗೆ ಜಂಬಯ್ಯ ಬರಿ ತಲೆಯಲ್ಲಿ ಎರಡೂ ತಿರುವು ಇಳಿಯುತ್ತಿದ್ದ. ಪಾಲಿ ಕಲಿಸಿದ ಹಾಗೆಯೇ, ಮಂಡಿ ಬಗ್ಗಿಸಿ.

ಒಂದು ಮಧ್ಯಾಹ್ನ ದುರುಗಮ್ಮ, ಪಾಲಿ ನನ್ನ ಬೆಂಚಿನ ಮೇಲೆ ಕೂತಿದ್ದರು. ಹುಲುಗಪ್ಪ ಚಹಾ ತಂದ. ಹಿಂದೆಯೇ ಜಂಬಯ್ಯ ಬಂದು ಬೇರಿಂಗು ಕೇಳಿದ. ಅವನ ಹಣೆಯ ಮೇಲೆ ಹಸಿ ಗಾಯವಿತ್ತು. ಹೆಲ್ಮೆಟ್ ಎಲ್ಲಿ ಎಂದೆ.

“ನಿನ್ನ ಹೆಲ್ಮೆಟ್ಟಿಗೆ ದೊಡ್ಡ ನಮಸ್ಕಾರ ಬೆನಕಪ್ಪಣ್ಣ,” ಎಂದ ಹುಲುಗಪ್ಪ. “ತಲಿ ಬರೇ ಇದ್ದಿದ್ರ ಈ ಕೂಸಿಗೆ ಕಣ್ಣರ ಕಾಣ್ತಿದ್ವು.”

ಸುಮ್ಮನಿದ್ದುಬಿಡಬಹುದಿತ್ತು. ಎರಡು ತಿಂಗಳಿಂದ ಸುಮ್ಮನಿದ್ದೆನಲ್ಲ. ಆದರೆ ಆ ಗಾಯ ಕಣ್ಣಿನಿಂದ ಒಂದು ಬೆರಳು ಮೇಲಿತ್ತು.

“ಹೆಲ್ಮೆಟ್ಟಿನ ತಪ್ಪಲ್ಲ ಹುಲುಗಪ್ಪ,” ಎಂದೆ. “ಅದು ಸಡಲ ಇತ್ತು. ಆವತ್ತು ಮುಂಜಾನಿ ಕೈ ಇಟ್ಟು ನೋಡಿದ್ದೆ. ಗೊತ್ತಿದ್ದೂ ಬಿಟ್ಟೆ.”

ದುರುಗಮ್ಮನ ಕೈ ಮಗಳ ತಲೆ ಸವರುತ್ತಿತ್ತು. ಅಲ್ಲಿ ಒಂದು ಇಂಚು ಕೂದಲು ಬಂದಿತ್ತು. ಆ ಕೈ ನಿಂತಿತು.

“ಯಾಕ ಸಡಲ ಆತು?” ಎಂದಳು.

ಪಾಲಿ ಬಾಯಿ ತೆರೆದಳು. ನಾನು ಅವಳನ್ನು ನೋಡಿದೆ. ಅವಳು ಬಾಯಿ ಮುಚ್ಚಿ ನೆಲ ನೋಡಿದಳು.

“ಸ್ಪಂಜು ಹಳೇದಾಗಿತ್ತು,” ಎಂದೆ. “ಬದಲಿ ಮಾಡಬೇಕಿತ್ತು. ಮಾಡಲಿಲ್ಲ.”

ದುರುಗಮ್ಮ ಬುತ್ತಿಯ ಬಟ್ಟೆಯನ್ನು ನಿಧಾನವಾಗಿ ಮಡಚಿದಳು. ಸಿಟ್ಟು ಮಾಡಲಿಲ್ಲ, ಅಳಲಿಲ್ಲ.

“ಗೊತ್ತಿಟ್ಕಂಡು ಎರಡು ತಿಂಗಳು ನನ್ನ ರೊಟ್ಟಿ ತಿಂದೆಲ್ಲಣ್ಣಾ,” ಎಂದಳು. ಮಗಳ ರಟ್ಟೆ ಹಿಡಿದು ಎಬ್ಬಿಸಿ ಕರೆದುಕೊಂಡು ಹೋದಳು.

ಮರುದಿನ ಹುಲುಗಪ್ಪ ಹೆಲ್ಮೆಟ್ಟನ್ನು ತೊಳೆದು, ಮಗನ ಜೊತೆ ತಂದುಕೊಟ್ಟ. ನಾನು ಹೊಸ ಸ್ಪಂಜು ಹಾಕಿ, ಹುಡುಗನ ತಲೆಯ ಅಳತೆ ಮೂರು ಸಲ ನೋಡಿದೆ. ಕ್ಷೌರ ಮಾಡಿಸಿದರೆ ಮತ್ತೆ ತಂದು ತೋರಿಸಬೇಕು ಎಂದೆ. ಹುಲುಗಪ್ಪ ತಲೆಯೆತ್ತಿ ನನ್ನನ್ನೇ ನೋಡಿದ. ಅವನು ದಡ್ಡನಲ್ಲ. ಆದರೆ ಆ ಕೂದಲಿನ ಮಾತನ್ನು ಅವನು ಈವರೆಗೂ ಯಾರ ಮುಂದೆಯೂ ಆಡಿಲ್ಲ.

ತಂಗಿ ಮತ್ತೆ ಗ್ಯಾರೇಜಿಗೆ ಬರಲಿಲ್ಲ. ಹಬ್ಬಕ್ಕೆ ಕರೆಯಲು ಹೋದರೆ ಬಾಗಿಲಲ್ಲೇ ನೀರು ಕೊಟ್ಟು ಕಳಿಸಿದಳು. ಹುಣ್ಣಿಮೆಗೊಮ್ಮೆ ಉಚ್ಚಂಗಿದುರ್ಗಕ್ಕೆ ಹೋಗಿಬರುತ್ತಾಳೆ, ಅದು ನಿಂತಿಲ್ಲ. ಪಾಲಿ ಈಗ ಶಾಲೆಗೆ ಹೋಗುತ್ತಾಳೆ. ಮೊದಲು ನನ್ನ ಗ್ಯಾರೇಜಿನ ಗೋಡೆ ಹಿಡಿದುಕೊಂಡು ಹೋಗುತ್ತಿದ್ದವಳನ್ನು ತಾಯಿ ರಸ್ತೆಯ ಆ ಬದಿಯಿಂದ ನಡೆಸುತ್ತಾಳೆ. ಆ ಬದಿಯಲ್ಲಿ ಗೋಡೆಯಿಲ್ಲ, ಹುಡುಗಿ ತಾಯಿಯ ಸೆರಗು ಹಿಡಿದಿರುತ್ತಾಳೆ. ನಾನು ಬಾಗಿಲಲ್ಲಿ ಕಂಡರೆ ಮಾಮಾ ಎಂದು ತಿರುಗಿ ನೋಡುತ್ತಾಳೆ. ತಿರುಗಿದರೆ ವಾಲುತ್ತಾಳೆ. ಅದಕ್ಕೇ ಬೆಳಿಗ್ಗೆ ಒಂಬತ್ತೂವರೆಗೆ, ಅವಳು ಶಾಲೆಗೆ ಹೋಗುವ ಹೊತ್ತಿಗೆ, ನಾನು ಯಾವುದಾದರೂ ಲಾರಿಯ ಕೆಳಗೆ ಹೋಗಿ ಮಲಗಿರುತ್ತೇನೆ.