ಕುಂಚಿಗಿಯ ಒಂದೇ ಗೊಂಡೆ

ಪೆಪ್ಪರಮಿಂಟಿನ ತಾಟು ಹತ್ತಿರ ಬರುತ್ತಿದೆ, ಸೀರೆಯ ನೆರಿಗೆ ಒಂದಿಷ್ಟೂ ಮುದುಡದ ಆ ವಿಮಾನದ ಹುಡುಗಿ ಒಬ್ಬೊಬ್ಬರ ಮುಂದೆ ಬಾಗಿ ನಗುತ್ತಾಳೆ, ಇನ್ನೆರಡು ಸಾಲು ದಾಟಿದರೆ ಇಲ್ಲಿಗೇ — ಸುಂದರವ್ವ ಮಡಿಲಲ್ಲಿದ್ದುದರ ಮೇಲೆ ಸೆರಗು ಎಳೆದುಕೊಂಡಳು, ಬೆರಳು ತಾವಾಗಿಯೇ ಕುಂಚಿಗಿಯ ಕಟ್ಟಿನ ಹತ್ತಿರ ಹೋದವು, ಅಲ್ಲಿ ಒಂದೇ ಗೊಂಡೆ, ಇನ್ನೊಂದು ಬದಿಗೆ ಕತ್ತರಿಸಿದ ದಾರ. ಒಳಗೆ ತಾಮ್ರ. ಎಂಟು ತಿಂಗಳ ಕೂಸಿನಷ್ಟೇ ತೂಕ, ಕೂಸಿನ ತಲೆಯ ಹಾಗೇ ದುಂಡು, ಗಂಡ ಭೀಮಶ್ಯಾ ಭಜನೆಯಲ್ಲಿ ಎಡಗೈಯಿಂದ ಬಾರಿಸುವ ಡಗ್ಗಾ, ಅದರ ಮೇಲೆ ಕೂಸಿನ ಕೌದಿ, ಕೂಸಿನ ತಲೆಗೆ ಕಟ್ಟುವ ಕುಂಚಿಗಿ, ಕೂಸಿನ ಹೆಸರಿನ ಟಿಕೇಟು, ಕೂಸು ರೇಣಿ ಮಾತ್ರ ನಾಲತವಾಡದಲ್ಲಿ. ರೈಲುಗಳೆಲ್ಲ ಮುಷ್ಕರಕ್ಕೆ ನಿಂತಿರದಿದ್ದರೆ ಇದೊಂದೂ ಇರುತ್ತಿರಲಿಲ್ಲ, ರೈಲಿನಲ್ಲಿ ಡಗ್ಗಾ ತೂಗುವವರು ಯಾರು, ಭಜನೆಗೆ ಕರೆದ ದಿಲ್ಲಿಯ ಕನ್ನಡ ಮಂದಿ ಪ್ರೀತಿಯಿಂದ ಮುಂಬೈಯಿಂದ ವಿಮಾನ ಮಾಡಿಸಿದರು, ಮೊಲೆಯುಣ್ಣುವ ಕೂಸಿಗೂ ಒಂದು ಟಿಕೇಟು ಸೇರಿಸಿ, ಸಾಮಾನು ಹೆಚ್ಚಾದರೆ ಮಾತ್ರ ಖರ್ಚು ನಿಮ್ಮದೇ ಎಂದರು. ಪೇಟಿ, ತಬಲಾ, ತಂಬೂರಿ, ಅಷ್ಟಕ್ಕೇ ತೂಕ ಮುಗಿಯಿತು. ಮೇಳದ ಹಿರಿಯ ಚನ್ನಬಸಯ್ಯ ಗಡ್ಡ ಕೆರೆದುಕೊಂಡರು, ಡಗ್ಗಾ ಇಲ್ಲದ ಪದ ಅಂದ್ರ ಒಂಟಿಗಾಲಿನ ಕುಣಿತ ಆಕ್ಕೈತೊ ಭೀಮಶ್ಯಾ, ಅದಕ್ಕವನು, ಕೂಸಿನ ತೂಕ ಯಾರೂ ಮಾಡೂದಿಲ್ಲಲ್ರಿ ಅಯ್ಯಾರ, ಡಗ್ಗಾಕ್ಕ ಕುಂಚಿಗಿ ಹಾಕೂಣು, ತೊಗಲ ಮ್ಯಾಲೆ ಕರಿ ದೃಷ್ಟಿ ಬೊಟ್ಟಂತೂ ಮದಲ ಐತಿ, ಎಲ್ಲರೂ ನಕ್ಕರು, ಅದು ಅಲ್ಲಿಗೇ ಮುಗಿಯುತ್ತಿತ್ತು, ಮುಗಿಯಬೇಕಿತ್ತು, ಹಂಗಾರ ರೇಣಿನ್ನ ಅತ್ತಿ ಕಡೆ ಬಿಟ್ಟು ಬರ್ತೇನಿ ತಗೋರಿ ಎಂದವಳು ಯಾರು. ತಾನೇ. ಗಂಡ ಜುಲುಮೆ ಮಾಡಲಿಲ್ಲ, ಅಯ್ಯನವರು ಬಾಯಿ ಬಿಟ್ಟು ಕೇಳಲಿಲ್ಲ, ಓಣಿಯ ಹೆಂಗಸರು ಪಾಪ ಸುಂದರವ್ವ, ಅಕಿ ಗಂಡಗ ಕೂಸಿಗಿಂತ ಡಗ್ಗಾನ ಹೆಚ್ಚಾತು ನೋಡ್ರಿ ಎಂದರೆ ಇವಳು ತಲೆ ತಗ್ಗಿಸಿ ಕೇಳಿಸಿಕೊಂಡಳು, ಅವಂದಲ್ಲ ನಂದು ಎನ್ನಲಿಲ್ಲ. ಬಿಟ್ಟು ಬರುವ ಮಾತು ಆಡಿದಾಗ ಎದೆ ಹಗುರಾದದ್ದು ಅವಳಿಗೊಬ್ಬಳಿಗೇ ಗೊತ್ತು — ರೇಣಿ ಹುಟ್ಟಿದಾಗಿನಿಂದ ಒಂದು ಪದವನ್ನೂ ಕೊನೆಯ ನುಡಿಯವರೆಗೆ ಹಾಡಿರಲಿಲ್ಲ, ಪಲ್ಲವಿಗೆ ಅಳು, ಎರಡನೆಯ ನುಡಿಗೆ ಮೊಲೆ, ಒಂದು ಸಲ, ಒಂದೇ ಸಲ, ಮಡಿಲಲ್ಲಿ ಯಾರೂ ಇಲ್ಲದೆ ಪೂರ್ತಿ ಹಾಡಬೇಕೆಂಬ ಹುಚ್ಚು.

ಅತ್ತೆ ಶೆಟ್ಟೆವ್ವ ಬೇವಿನ ತಪ್ಪಲು ಅರೆದು ಕೊಟ್ಟಳು, ಎದಿಗೆ ಹಚ್ಕೊ, ತಾನ ಬಿಡ್ತೈತಿ, ರೇಣಿ ಬಾಯಿ ಹಾಕಿ, ಮುಖ ಕಿವುಚಿ, ತಾಯಿಯ ಕಣ್ಣು ನೋಡಿ ಮತ್ತೆ ಬಾಯಿ ಹಾಕಿತು, ತಾಯಿ ಕಹಿಯಾದಾಳೆಂದು ಅದು ನಂಬಲೇ ಇಲ್ಲ. ಹೊರಡುವ ಮುಂಜಾನೆ ಮಲಗಿದ್ದ ಕೂಸಿನ ಕುಂಚಿಗಿ ಬಿಚ್ಚಿದರೆ ಗೊಂಡೆ ಮುಷ್ಟಿಯಲ್ಲಿ, ಬಿಡಿಸಹೋದಷ್ಟೂ ಬಿಗಿ, ಅತ್ತೆ ಕತ್ತರಿ ತಂದಳು, ಎಳೀಬ್ಯಾಡ ಏಳತೈತಿ, ಇರ್ಲಿ ಬಿಡು ಅದರ ಕೈಯಾಗ. ಕೆಂಪು ಗೊಂಡೆ. ಮುದ್ದೇಬಿಹಾಳ ದಾಟಿತು, ಬಸವನ ಬಾಗೇವಾಡಿಯಲ್ಲಿ ಬಸ್ಸು ಚಹಕ್ಕೆ ನಿಂತಾಗ ಎದೆ ಕಲ್ಲಾಗಿತ್ತು, ಗೋಡೆಯ ಮರೆಗೆ ಹೋಗಿ ಹಾಲು ಹಿಂಡಿ ಮಣ್ಣಿಗೆ ಬಿಟ್ಟಳು, ಇರುವೆಗಳು ಎಲ್ಲಿದ್ದವೋ ಬಂದವು. ಆಮೇಲೆ ಮುಂಬೈ, ತಕ್ಕಡಿಯ ಮುಂದೆ ಕೂತ ಸಾಹೇಬ ತಲೆಯೆತ್ತಿ ಕೂಸು ಯಾಕೆ ಮುಖ ಮುಚ್ಚಿಕೊಂಡಿದೆ ಎಂದು ಹಿಂದಿಯಲ್ಲಿ ಕೇಳಿದ, ಭೀಮಶ್ಯಾ ತಡವರಿಸದೆ ಬುಖಾರ್ ಸಾಬ್ ಎಂದ, ಜ್ವರ, ಆರಾಮ ಇರುವ ಕೂಸಿಗೆ ಜ್ವರ, ಅದೂ ಅದರ ಹೆಸರು ಬರೆದ ಟಿಕೇಟು ಕೈಯಲ್ಲಿ ಹಿಡಿದು. ನಾಲಿಗಿ ಕಡದ ಹಾಕಬಾರದ ನಿಂದು ಎಂದಳು ಮೆಟ್ಟಿಲು ಹತ್ತುವಾಗ, ಅವನು, ಡಗ್ಗಾಕ್ಕ ಅಂದೇನ್ಲೆ, ರೇಣಿಗಲ್ಲ. ದೇವರಿಗೆ ಅಷ್ಟು ತಿಳಿಯುತ್ತದೆಯೆ, ಕೂಸು ಹೇಗಿದೆಯೆಂದು ಕೇಳಲು ಓಣಿಯಲ್ಲಿ ಫೋನೆಲ್ಲಿ. ವಿಮಾನ ಗುಂಯ್‌ಗುಡುತ್ತಿದೆ, ಆ ಸದ್ದಿಗೆ ಡಗ್ಗಾದ ತೊಗಲೂ ಒಳಗೊಳಗೇ ಗುಂಯ್ ಎನ್ನುತ್ತಿದೆ, ಥೇಟ್ ಜ್ವರದಲ್ಲಿ ಕೂಸು ನರಳಿದ ಹಾಗೆ, ಇವಳ ಕೈ ಕೇಳಲಿಲ್ಲ, ಕುಂಡಿ ತಟ್ಟುವಂತೆ ತಟ್ಟಿಬಿಟ್ಟಿತು — ಧುಂ. ಮುಂದಿನ ಸೀಟಿನ ಟೋಪಿಯವನು ತಿರುಗಿ ನೋಡಿದ. ಭೀಮಶ್ಯಾ ಖೊಕ್ ಖೊಕ್ ಕೆಮ್ಮಿದ, ಹಲ್ಲು ಕಚ್ಚಿ, ತಟ್ಟಬ್ಯಾಡ್ಲೆ, ಮಾತಾಡ್ತೈತಿ ಅದು. ತಟ್ಟದೆ ಹೇಗೆ ಕೂಡ್ರುವುದು, ತಟ್ಟುವುದೊಂದೇ ಈ ಕೈಗೆ ಬರುವುದು, ರವಿಕೆ ಹಸಿಯಾಗುತ್ತಿದೆ, ಬೇವು ಎಂದೋ ತೊಳೆದುಹೋಗಿದೆ, ಹಾಲು ಕುಂಚಿಗಿಗೆ ಇಳಿಯುತ್ತಿದೆ, ತಾಮ್ರದ ತಲೆಗೆ.

ತಾಟು ಬಂತು. ಹುಡುಗಿ ಕೈಯ ಕಾಗದ ನೋಡಿ ರೇ-ಣ-ವ್ವಾ ಎಂದು ತಡೆತಡೆದು ಓದಿದಳು, ಎಷ್ಟು ಮುದ್ದಾಗಿ ಕರೆದಳು, ಇಲ್ಲದ ಕೂಸನ್ನು, ಬುಖಾರ್ ಹೈ ನಾ ಎಂದು ಭೀಮಶ್ಯಾ ಅಡ್ಡ ಬರುವುದರೊಳಗೆ ಬೆರಳ ತುದಿ ಕುಂಚಿಗಿಗೆ ತಾಗಿತು, ಹಸಿಯಾದ ಜಾಗಕ್ಕೇ ತಾಗಿತು, ಬೆವರೆಂದುಕೊಂಡಳೋ ಏನೋ, ಮುಖ ಅರಳಿತು, ಬುಖಾರ್ ಉತರ್ ಗಯಾ, ಜ್ವರ ಇಳಿಯಿತಂತೆ, ಥಂಡಾ ಹೈ. ಥಂಡಾ. ಆ ಮಾತು ತಿಳಿಯದವರು ಯಾರು. ಜ್ವರ ಎಂದು ತಂದೆ, ತಣ್ಣಗಾಗಿದೆ ಎಂದು ಈ ಹುಡುಗಿ, ನಡುವೆ ಸುಮ್ಮನೆ ಕುಳಿತವಳು ತಾಯಿ — ರೇಣಿ ಈಗ ಎದ್ದಿರುತ್ತದೆ, ತೊಟ್ಟಿಲ ಅಂಚು ಹಿಡಿದು ಬಾಗಿಲು ನೋಡುತ್ತಿರುತ್ತದೆ, ಅಳುತ್ತಿರಲಿ ದೇವರೇ, ಜೋರಾಗಿ ಅಳುತ್ತಿರಲಿ — ಪದ ನೆನೆಸಿಕೊಂಡರೆ ಮನಸ್ಸು ಒಂದು ಕಡೆ ನಿಂತೀತು, ನಾಳೆ ಹಾಡಬೇಕಾದ ಪದ, ಪೂರ್ತಿ ಹಾಡಬೇಕಾದದ್ದು, ಪಲ್ಲವಿ ಬರಲಿಲ್ಲ, ಮೊದಲ ನುಡಿ ಬರಲಿಲ್ಲ, ಕೊನೆಯದೂ ಇಲ್ಲ, ಬಂದದ್ದು ಮುಷ್ಟಿ, ಕತ್ತರಿಯ ಸಪ್ಪಳಕ್ಕೂ ಬಿಚ್ಚದ ಮುಷ್ಟಿ, ಬೆರಳ ಸಂದಿಯಿಂದ ಇಣುಕುವ ಕೆಂಪು ಗೊಂಡೆ, ಮುಷ್ಟಿ, ಗೊಂಡೆ, ಮುಷ್ಟಿ