ಬರೀ ಸುಸ್ತು

ನನ್ನ ಗಂಡನಿಗೆ ಜ್ವರ ಬರುತ್ತಿದ್ದದ್ದು ಸರಿಯಾಗಿ ಸಂಜೆ ಹಾಲು ಕರೆಯುವ ಹೊತ್ತಿಗೆ. ಬೆಳಿಗ್ಗೆ ನೋಡಿದರೆ ಮನುಷ್ಯ ನೆಟ್ಟಗಿರುತ್ತಿದ್ದರು, ಟೀಗೆ ಸಕ್ಕರೆ ಕಮ್ಮಿ ಎಂದು ತಕರಾರು ಬೇರೆ. ಹೊತ್ತು ಇಳಿಯುತ್ತಿದ್ದಂತೆ ಹಲ್ಲು ಕಟಕಟ. ರಾತ್ರಿ ಹಾಸಿಗೆ ಹಿಂಡುವಷ್ಟು ಬೆವರು. 'ಕೆಲಸ ಕಂಡರೆ ಬರುವ ಜ್ವರ' ಎಂದು ಮೊದಮೊದಲು ನಾನೂ ಛೇಡಿಸಿದೆ. ಪ್ಯಾಂಟು ಸೊಂಟದಲ್ಲಿ ನಿಲ್ಲದಷ್ಟು ಸೊರಗಿದ ಮೇಲೆ ತಮಾಷೆ ನಿಂತುಹೋಯಿತು. ಇವರು ಉಳಿಯುತ್ತಾರೋ ಇಲ್ಲವೋ ಎಂಬ ದಿಗಿಲು ಹತ್ತಿಕೊಂಡಿತು.

ಕೊಟ್ಟಿಗೆಯ ಹಸುಗಳೆಲ್ಲ ನನ್ನ ತಲೆಗೇ ಬಂದವು. ಸಗಣಿ ಬಾಚು, ಹುಲ್ಲು ಹಾಕು, ಕರೆ, ಕ್ಯಾನು ಹೊತ್ತು ಡೈರಿಗೆ ಓಡು. ಸೊಂಟ ಬಿದ್ದುಹೋಗುತ್ತಿತ್ತು. ಒಂದು ಗಳಿಗೆ ಗೋಡೆಗೆ ಒರಗಿದರೆ ಸಾಕು, ಅತ್ತೆ ಬಾಗಿಲಲ್ಲಿ ಪ್ರತ್ಯಕ್ಷ.

"ನಿನ್ನ ವಯಸ್ಸಲ್ಲಿ ನಾನು ಇದರ ಎರಡರಷ್ಟು ಹಸು ನೋಡ್ಕೊಂಡಿದ್ದೆ. ಮೈಗಳ್ಳಿ ಕಣೇ ನೀನು."

ಇರಬಹುದು ಎಂದುಕೊಂಡೆ. ವಾದ ಮಾಡುವುದಕ್ಕೂ ಬೇಸರ.

ಜ್ವರ ಶುರುವಾಗುವ ಮೊದಲು ಒಂದು ಸಂಗತಿ ನಡೆದಿತ್ತು. ಅತ್ತೆಯ ಮುದ್ದಿನ ಹಸು, ಅದರ ಗತ್ತು ನೋಡಿ ದೊರೆಸಾನಿ ಎಂದೇ ಕರೆಯುತ್ತಿದ್ದೆವು, ದಿನ ತುಂಬುವ ಮೊದಲೇ ಕಂದು ಹಾಕಿತ್ತು. ಗ್ಲೌಸು ಹಾಕಿದರೆ ಹಿಡಿತ ಜಾರುತ್ತದೆ ಎಂದು ಇವರು ಸತ್ತ ಕರುವನ್ನು ಬರಿಗೈಯಲ್ಲೇ ಎಳೆದರು. ಮಾಸು ಒಳಗೇ ಉಳಿದಿತ್ತು. ನನ್ನ ಕೈ ಸಣ್ಣದಲ್ಲವೇ, ಅದನ್ನು ತೆಗೆಯುವ ಭಾಗ್ಯ ನನ್ನದು. ಎಲ್ಲವನ್ನೂ ಹಿತ್ತಿಲಲ್ಲಿ ಹೂತೆವು. ಡೈರಿಯವರ ಕಿವಿಗೆ ಬಿದ್ದರೆ ಹಸುಗಳ ಪರೀಕ್ಷೆ ಮುಗಿಯುವವರೆಗೆ ನಮ್ಮ ಹಾಲು ಮುಟ್ಟುವುದಿಲ್ಲ. ಅದಕ್ಕೇ ಅತ್ತೆ, "ಈ ಮಾತು ಕೊಟ್ಟಿಗೆ ದಾಟಬಾರದು" ಎಂದು ಕಟ್ಟಪ್ಪಣೆ ಮಾಡಿದ್ದರು.

ನಾವು ಹೋದ ಮೂರನೆಯ ಡಾಕ್ಟರು ಹೆಂಗಸು. ಅತ್ತೆಯೂ ಜೊತೆಗೆ ಬಂದಿದ್ದರು. ಡಾಕ್ಟರು ಹಳೆಯ ರಿಪೋರ್ಟುಗಳನ್ನೆಲ್ಲ ತಿರುವಿ, ಮಲೇರಿಯಾ ಅಲ್ಲ, ಟೈಫಾಯ್ಡ್ ಅಲ್ಲ ಎಂದು ಪಕ್ಕಕ್ಕಿಟ್ಟರು.

"ಏನ್ ಕೆಲಸ ನಿಮ್ಮದು?"

"ಹಸು ಸಾಕಿದೀವಿ" ಎಂದರು ಇವರು.

"ಈಚೆಗೆ ಯಾವುದಾದ್ರೂ ಹಸು ಕಂದು ಹಾಕಿತ್ತಾ?"

"ಇಲ್ಲಮ್ಮ, ಎಲ್ಲಾ ಗಟ್ಟಿಮುಟ್ಟಾಗಿವೆ." ಮಗ ಬಾಯಿ ತೆರೆಯುವ ಮೊದಲೇ ಅತ್ತೆಯ ಉತ್ತರ. ಇವರು ನೆಲ ನೋಡಿದರು.

ನಾನು ಬೆಳಗಿನಿಂದ ಕೂತಿರಲಿಲ್ಲ. ಸುಳ್ಳು ಹೇಳುವುದಕ್ಕೂ ಮೈಯಲ್ಲಿ ಕಸುವು ಬೇಕು.

"ಹಾಕಿತ್ತು ಡಾಕ್ಟ್ರೇ" ಎಂದುಬಿಟ್ಟೆ. "ಇವರೇ ಕರು ಎಳೆದಿದ್ದು."

ಅತ್ತೆ ನನ್ನನ್ನು ನುಂಗುವ ಹಾಗೆ ನೋಡಿದರು.

"ಅದು ಕಂದು ಹಾಕಿಸೋ ರೋಗ ಇರಬಹುದು. ಮಾಸಿನಿಂದ, ಹಸಿ ಹಾಲಿನಿಂದ ಮನುಷ್ಯರಿಗೂ ಹತ್ತುತ್ತೆ. ಕೈಮೇಲೆ ಸಣ್ಣ ಗೀರಿದ್ರೂ ಸಾಕು" ಎಂದರು ಡಾಕ್ಟರು. "ಇನ್ಯಾರು ಮುಟ್ಟಿದ್ರಿ?"

"ನಾನು."

"ನಿಮಗೇನೂ ಆಗಿಲ್ವಾ?"

"ಇಲ್ಲ. ಬರೀ ಸುಸ್ತು."

"ಅದು ಅವಳ ಹುಟ್ಟುಗುಣ" ಎಂದು ಅತ್ತೆ ನಕ್ಕರು. ಡಾಕ್ಟರು ನಗಲಿಲ್ಲ.

"ಸೊಂಟ ನೋಯುತ್ತಾ? ರಾತ್ರಿ ಬೆವರುತ್ತೀರಾ?"

"ಅದೆಲ್ಲ ಇದ್ದದ್ದೇ."

ಮೂವರ ರಕ್ತವನ್ನೂ ತೆಗೆದರು. ರಿಪೋರ್ಟು ಬಂದಾಗ ಅತ್ತೆ ಪಾರಾಗಿದ್ದರು; ಇವರಿಗೂ ನನಗೂ ರೋಗ ಇತ್ತು. ಒಂದೂವರೆ ತಿಂಗಳು ಮಾತ್ರೆ ತಪ್ಪಿಸದೆ ನುಂಗಿದರೆ ವಾಸಿಯಾಗುತ್ತದೆ, ಹಸುಗಳ ಪರೀಕ್ಷೆ ಆಗುವವರೆಗೆ ಹಾಲನ್ನು ಯಾರಿಗೂ ಕೊಡಬೇಡಿ, ಗುಂಡಿಗೆ ಸುರಿಯಿರಿ ಎಂದರು. ನನಗೆ ಅಳು ತಡೆಯಲಾಗಲಿಲ್ಲ.

"ಹೆದರಬೇಡಿ" ಎಂದರು ಡಾಕ್ಟರು.

ನನಗೇನೂ ಹೆದರಿಕೆಯಾಗಿರಲಿಲ್ಲ. ಇವರು ಉಳಿಯುತ್ತಾರೆ ಎಂಬ ಸಮಾಧಾನ ಒಂದು. ಇಷ್ಟು ದಿನ ಮೈಗಳ್ಳಿ ಎಂದು ನನ್ನನ್ನು ನಾನೇ ಬೈದುಕೊಂಡು ಮೈಯನ್ನು ಎಳೆದಾಡಿದ್ದೆನಲ್ಲ, ಆ ಸಂಕಟ ಇನ್ನೊಂದು.

ಮರುದಿನ ಅತ್ತೆ ತಾವೇ ಹಾಲು ಕರೆದು ಗುಂಡಿಗೆ ಸುರಿದು, ಚಪ್ಪಲಿ ಮೆಟ್ಟಿಕೊಂಡು ಡೈರಿಯ ಕಡೆ ಹೊರಟರು. ಏನಾದರೊಂದು ಕಥೆ ಕಟ್ಟಿ ಬರುತ್ತಾರೆ ಎಂದುಕೊಂಡು ನಾನು ಅಂಗಳ ಗುಡಿಸುತ್ತಿದ್ದೆ. ಬಂದವರ ಮುಖ ಬಾಡಿತ್ತು.

"ಏನಂದ್ರಿ ಅತ್ತೆ?"

"ಇದ್ದದ್ದು ಇದ್ದ ಹಾಗೆ ಅಂದೆ. ಹಸು ಕಂದು ಹಾಕಿದೆ, ಮನೇಲಿ ಇಬ್ಬರು ಕಾಯಿಲೆ ಬಿದ್ದಿದಾರೆ ಅಂತ."

ಇಬ್ಬರು ಎಂದರು. ನಾನು ಪೊರಕೆ ಅಲ್ಲೇ ಬಿಟ್ಟು ಒಳಗೆ ಹೋದೆ. ಗಂಡನ ಪಕ್ಕದಲ್ಲಿ ಹಾಡಹಗಲೇ ಮಲಗಿದೆ.