ಬಿಚ್ಚಿ ಹೊಲಿದ ಕಾಜಾಗಳು

ಗುಂಡಿ ತೂರಿಸುವ ಕಾಜಾ ಹೊಲಿಯುವುದರಲ್ಲಿ ಟೈಲರಣ್ಣನ ಕೈಗೆ ಇಡೀ ಪೇಟೆಯಲ್ಲಿ ಹೆಸರಿತ್ತು. ಆ ಕೈ ಸೊಟ್ಟ ಹೊಲಿಯತೊಡಗಿತು. ಅವನು ಊಟಕ್ಕೆ ಎದ್ದಾಗ ಹೆಂಡತಿ ಆ ಕಾಜಾ ಬಿಚ್ಚಿ, ಅದೇ ಬಣ್ಣದ ದಾರದಲ್ಲಿ ತಾನೇ ಹೊಲಿದಿಡುತ್ತಿದ್ದಳು. ಮೊದಲು ವಾರಕ್ಕೊಂದು, ಆಮೇಲೆ ದಿನಕ್ಕೆ ನಾಲ್ಕು. ಹೀಗೇ ಐದು ವರ್ಷ.

ಒಂದು ದಿನ ಹೊಲಿಯಲು ಕೊಟ್ಟ ಕೋಟು ಒಯ್ಯಲು ಅಂಗಡಿಗೆ ಬಂದ ನರ್ಸಮ್ಮ, ತೊಡೆಯ ಮೇಲೆ ಸುಮ್ಮನಿಟ್ಟ ಟೈಲರಣ್ಣನ ಬಲಗೈ ನಡುಗುವುದನ್ನು ಕಂಡರು.

"ಅಕ್ಕಾ, ಇದು ಪಾರ್ಕಿನ್ಸನ್ ಕಾಯಿಲೆ ಇರಬಹುದು. ಡಾಕ್ಟರಿಗೆ ತೋರಿಸಿ," ಎಂದರು ಅವನ ಹೆಂಡತಿಗೆ.

"ವಯಸ್ಸಾದ ಕೈ ನಡುಗದೆ ಕುಣಿಯುತ್ತಾ? ನಿಮ್ಮ ಕೋಟು ಸರಿಯಿದೆ ತಾನೆ?"

"ಕೋಟು ಸರಿಯಿದೆ. ಹೊಲಿದವರು ಸರಿಯಿಲ್ಲ."

ಹೆಂಡತಿ ಮುಖ ತಿರುಗಿಸಿದಳು. ನರ್ಸಮ್ಮ ಬಿಡಲಿಲ್ಲ.

"ತಾಯಿ ಹೊಟ್ಟೇಲಿ ಮಿದುಳು ಬೆಳೆಯುವಾಗ ಜೀವಕೋಶಗಳು ಒಂದಕ್ಕೊಂದು ಸೂಚನೆ ಕೊಡ್ತಾವೆ. ನೀನು ನರ ಆಗು, ನೀನು ಇಲ್ಲಿ ನಿಲ್ಲು ಅಂತ. ವಯಸ್ಸಾದಂತೆ ಆ ಸೂಚನೆ ಕುಗ್ಗುತ್ತೆ. ಈ ಕಾಯಿಲೇಲಿ ಕೈಕಾಲು ಆಡಿಸೋ ಕೋಶಗಳು ಸಾಯ್ತಾವೆ. ಆ ಹಳೇ ಸೂಚನೆ ಮತ್ತೆ ಎಬ್ಬಿಸಿ ಉಳಿದ ಕೋಶ ಕಾಪಾಡಬಹುದಾ ಅಂತ ನಮ್ಮ ಆಸ್ಪತ್ರೇಲಿ ಪರೀಕ್ಷೆ ನಡೀತಿದೆ."

"ಹಾಗಾದ್ರೆ ವಾಸಿಯಾಗುತ್ತೆ!"

"ಹಾಗಂತ ಯಾರು ಹೇಳಿದ್ರು? ಅದಿನ್ನೂ ಪ್ರಯತ್ನ, ಔಷಧಿ ಅಲ್ಲ. ಸೂಚನೆ ಅತಿಯಾದ್ರೆ ಗಡ್ಡೆ ಬೆಳೆಯೋ ಭಯವೂ ಇದೆ. ಯಾರಾದ್ರೂ ಈಗಲೇ ಅದನ್ನ ಔಷಧಿ ಅಂತ ಮಾರೋಕೆ ಬಂದ್ರೆ ಬಾಗಿಲು ಹಾಕಿ."

"ಪ್ರಯೋಗ ಮಾಡೋಕೆ ನಮ್ಮವರೇನು ಇಲಿಯಾ?"

"ಒಪ್ಪಿದ್ರೆ ಮಾತ್ರ ಸೇರಿಸ್ಕೋತಾರೆ. ಬೇಡ ಅನಿಸಿದ ದಿನ ಎದ್ದು ಬರಬಹುದು. ಆದ್ರೆ ಕಾಯಿಲೆ ಶುರುವಾಗಿ ಎರಡು ವರ್ಷದೊಳಗಿನವರನ್ನಷ್ಟೇ ತಗೋತಾರೆ. ಸತ್ತ ಕೋಶಕ್ಕೆ ಸೂಚನೆ ಕೊಟ್ಟು ಏನು ಫಲ?"

ಮರುದಿನ ಆಸ್ಪತ್ರೆಯಲ್ಲಿ ಡಾಕ್ಟರು ಎಲ್ಲ ನೋಡಿ, ಪಾರ್ಕಿನ್ಸನ್ ಹೌದೆಂದರು. "ಯಾವಾಗಿನಿಂದ?"

"ಆರು ತಿಂಗಳು," ಎಂದಳು ಹೆಂಡತಿ.

"ಐದು ವರ್ಷ," ಎಂದ ಗಂಡ. "ನನ್ನ ಕಾಜಾ ಇವಳು ಬಿಚ್ಚಿ ಹೊಲೀತಿದ್ದಾಗಿನಿಂದ."

ಅವಳು ಗಂಡನತ್ತ ತಿರುಗಿದಳು. "ಗೊತ್ತಿದ್ದೂ ಯಾಕ್ರೀ ಸುಮ್ಮನಿದ್ರಿ?"

"ನೀನು ಅಷ್ಟು ಚೆನ್ನಾಗಿ ಹೊಲೀತಿದ್ದೆ. ನನಗೇನೂ ಆಗಿಲ್ಲ ಅಂತ ನಂಬೋಕೆ ಅನುಕೂಲವಾಗಿತ್ತು."

ಎರಡು ವರ್ಷ ಮೀರಿತೆಂದು ಡಾಕ್ಟರು ಪರೀಕ್ಷೆಯ ಅರ್ಜಿ ಪಕ್ಕಕ್ಕಿಟ್ಟು ಮಾತ್ರೆ ಬರೆದರು. ಅದರಿಂದ ಬಿಗಿತ, ನಡುಕ ಕಡಿಮೆಯಾದೀತು, ಕೋಶ ಸಾಯುವುದು ನಿಲ್ಲದು ಎಂದರು.

ಹೊರಗೆ ಬಂದಾಗ, ಜೊತೆಗೆ ಬಂದಿದ್ದ ಟೈಲರಣ್ಣನ ತಮ್ಮ ರಿಕ್ಷಾ ಹುಡುಕಲು ಮುಂದೆ ನಡೆದ. ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವನು ಅವನೇ. ಅವನ ಒಂದು ಕೈ ಬೀಸುತ್ತಿತ್ತು, ಇನ್ನೊಂದು ಗೂಟದಂತೆ ಬಿಗಿದಿತ್ತು.

"ಏ, ನಿಲ್ಲು. ಎಷ್ಟು ದಿನದಿಂದ ಕೈ ಹಾಗಿದೆ?" ಅತ್ತಿಗೆ ಕೂಗಿದಳು.

"ಅಯ್ಯೋ ಅತ್ತಿಗೆ, ನನಗೇನಾಗಿದೆ? ಭಾರ ಎತ್ತಿ ಉಳುಕಿರಬೇಕು."

"ಇರಬಹುದು. ಅದನ್ನ ಡಾಕ್ಟರು ಹೇಳಲಿ. ಆಸ್ಪತ್ರೆಗೆ ತಿರುಗು."

ಅವನು ಅಣ್ಣನ ಮುಖ ನೋಡಿದ. ಟೈಲರಣ್ಣ ಮೆಟ್ಟಿಲ ಮೇಲೆ ಕೂತಿದ್ದ. "ಹೋಗೋ," ಎಂದ. "ನಿಜ ಹೇಳು."

ಓದುತ್ತಿರುವ ತಾಯಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಯಾರದಾದರೂ ಕೈ ನಡುಗಿದರೆ, ನಡೆಯುವಾಗ ಒಂದು ಕೈ ಬೀಸದೆ ಬಿಗಿದಿದ್ದರೆ, ನಡಿಗೆ ನಿಧಾನವಾದರೆ, ಬರೆಯುವ ಅಕ್ಷರ ಇರುವೆಯಷ್ಟಾದರೆ, ಮುಚ್ಚಿಡಬೇಡಿ. ಬೇಗ ನರರೋಗದ ವೈದ್ಯರಿಗೆ ತೋರಿಸಿ. ಹೊಸ ಚಿಕಿತ್ಸೆಯ ಪರೀಕ್ಷೆಗೆ ಕರೆದರೆ ಲಾಭ, ಅಪಾಯ ಎರಡನ್ನೂ ಕೇಳಿ ತಿಳಿದು ತೀರ್ಮಾನಿಸಿ. ಆ ಔಷಧಿ ಬರುತ್ತದೋ ಇಲ್ಲವೋ, ಯಾರೂ ಮಾತು ಕೊಡಲಾರರು. ಬಂದರೆ, ಕಾಪಾಡಲು ನಿಮ್ಮವರ ಮಿದುಳಿನಲ್ಲಿ ಏನಾದರೂ ಉಳಿದಿರಬೇಕು.